ಹೊಟ್ಟೆ ಮೇಲೆ ಮಲಗಿ ಅಲೆ ಏರುವವರ ಜೊತೆ

ಶುಕ್ರವಾರ

ಇಂಗ್ಲೆಂಡಿನ ರೆಡಿಂಗ್‌ನಿಂದ ದೇಶದ ನೈಋತ್ಯ ತುದಿಯ ಕಾರ್ನ್‌ವಾಲ್‌ವರೆಗಿನ ದಾರಿ ಬಗ್ಗೆ ಹೇಳೋದು ಜಾಸ್ತಿ ಇಲ್ಲ. ಬೆಳಗ್ಗೆ ಹೊರಟೆವು, ಸಂಜೆ ತಲುಪಿದೆವು. ನಾನು, ನನ್ನ ಹೆಂಡತಿ, ಇಲ್ಲೇ ಓದುತ್ತಿರುವ ಬಾಮೈದ. ಬಾಡ್ಮಿನ್ ಮೂರ್ ಅನ್ನುವ ಗುಡ್ಡದ ಬಯಲು ದಾಟುವಾಗ ದಟ್ಟ ಮಂಜು. ಮುಂದಿನ ಲಾರಿಯ ಕೆಂಪು ದೀಪ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಗುಡ್ಡ ಇಳಿದ ಮೇಲೆ ಮಂಜು ಹೋಯಿತು, ಮಳೆ ಬಂತು.

ನಾವು ಹೊರಟಿದ್ದು ಅಲೆ ಸವಾರಿಗೆ. ಹಲಗೆ ಮೇಲೆ ನಿಂತು ಮಾಡುವ ಸರ್ಫಿಂಗ್ ಎಲ್ಲರಿಗೂ ಗೊತ್ತು. ಇದು ಅದಕ್ಕಿಂತ ಹಳೆಯದು, ಸುಲಭದ್ದು. ಗಿಡ್ಡನೆಯ ಮರದ ಹಲಗೆಯನ್ನು ಹೊಟ್ಟೆಗೆ ಆನಿಸಿಕೊಂಡು, ಅಲೆ ಬಂದಾಗ ಅದರ ಜೊತೆ ಮಲಗಿ, ದಡದವರೆಗೆ ಜಾರಿಕೊಂಡು ಬರುವುದು. ಹವಾಯಿಯಲ್ಲಿ ಇಂಥ ಹಲಗೆಗೆ ಪೈಪೋ ಅನ್ನುತ್ತಾರೆ. ಕಾರ್ನ್‌ವಾಲ್‌ನವರು ಬೆಲ್ಲಿ ಬೋರ್ಡ್ ಅನ್ನುತ್ತಾರೆ. ನನ್ನ ಆಫೀಸಿನಲ್ಲಿ ಕಾರ್ನ್‌ವಾಲ್ ಮೂಲದವರೊಬ್ಬರಿದ್ದಾರೆ. ಅವರ ಚಿಕ್ಕಮ್ಮ ಮತ್ತು ಸ್ನೇಹಿತರು ಹೀಗೆ ಅಲೆ ಏರುತ್ತಾ ಜೀವನ ಕಳೆದವರು. "ಸುಮ್ನೆ ಹೋಗಿ ನೀರಲ್ಲಿ ಅವರ ಪಕ್ಕ ನಿಂತುಕೊಳ್ಳಿ. ಉಳಿದದ್ದು ತಾನಾಗೇ ಆಗುತ್ತೆ" ಅಂತ ಹೇಳಿ ಕಳಿಸಿದ್ದರು.

ಸೆಪ್ಟೆಂಬರ್ ಹೋಗಲು ಒಳ್ಳೆ ಕಾಲ. ಬೇಸಿಗೆ ರಜೆಯ ಜನ ವಾಪಸ್ ಹೋಗಿರುತ್ತಾರೆ. ರೂಮಿನ ಬಾಡಿಗೆ ಇಳಿದಿರುತ್ತದೆ. ಸಮುದ್ರ ಮಾತ್ರ ಬೇಸಿಗೆಯಿಡೀ ಕಾದು ಆಗಷ್ಟೇ ಹದಕ್ಕೆ ಬಂದಿರುತ್ತದೆ. ಹದ ಅಂದರೆ 16-17 ಡಿಗ್ರಿ. ನಮ್ಮ ಕರಾವಳಿಯ ನೀರಿನಲ್ಲಿ ಆಡಿದವರಿಗೆ ಇದು ಐಸ್ ನೀರೇ. ಬಾಡಿಗೆಗೆ ವೆಟ್‌ಸೂಟ್ (ಚಳಿ ತಡೆಯುವ, ಮೈಗೆ ಅಂಟುವ ರಬ್ಬರ್ ಉಡುಗೆ) ತೆಗೆದುಕೊಳ್ಳಲು ಹಿಂದೆ ಮುಂದೆ ನೋಡಬೇಡಿ.

ಸೇಂಟ್ ಆಗ್ನೆಸ್ ಅನ್ನುವ ಊರಿನಲ್ಲಿ ಉಳಿದೆವು. ಕಲ್ಲಿನ ಮನೆಗಳು, ಏರಿಳಿತದ ಬೀದಿಗಳು. ರಾತ್ರಿ ಊಟಕ್ಕೆ ಬೇಕರಿಯಲ್ಲಿ ಉಳಿದಿದ್ದ ಪೇಸ್ಟಿ ಸಿಕ್ಕಿತು. ಹಿಟ್ಟಿನೊಳಗೆ ಪಲ್ಯ ತುಂಬಿ, ಅಂಚು ಮಡಚಿ ಬೇಯಿಸಿದ್ದು. ಮಾಂಸದ್ದೇ ಹೆಸರುವಾಸಿ, ಆದರೆ ಚೀಸ್ ಮತ್ತು ಈರುಳ್ಳಿಯದ್ದು ಎಲ್ಲ ಕಡೆ ಸಿಗುತ್ತದೆ. ಹೆಂಡತಿ ಸಸ್ಯಾಹಾರಿ, ಅವಳಿಗೆ ತೊಂದರೆಯೇ ಆಗಲಿಲ್ಲ. ಬೇಕರಿಯ ಹುಡುಗಿ ಕೊನೆಗೆ ಉಳಿದ ಕೇಸರಿ ಬನ್ನುಗಳನ್ನೂ ಪೊಟ್ಟಣಕ್ಕೆ ಹಾಕಿ ಕೊಟ್ಟಳು. ದುಡ್ಡು ತೆಗೆದುಕೊಳ್ಳಲಿಲ್ಲ.

ಶನಿವಾರ

ಚ್ಯಾಪೆಲ್ ಪೋರ್ತ್ ಬೀಚಿಗೆ ಇಳಿಯುವ ರಸ್ತೆ ಒಂದೇ ಕಾರಿನ ಅಗಲ. ಎರಡೂ ಕಡೆ ಎತ್ತರದ ಬೇಲಿ. ಬೇಲಿ ಅಂದರೆ ಒಳಗೆ ಕಲ್ಲು, ಮೇಲೆ ಮಣ್ಣು, ಅದರ ಮೇಲೆ ಗಿಡ. ತಿರುವಿನಲ್ಲಿ ಎದುರಿಗೆ ಟ್ರ್ಯಾಕ್ಟರ್ ಬಂತು. ಹಿಂದಕ್ಕೆ ಹೋಗಲೇಬೇಕಾಯಿತು. ಮುಳ್ಳುಬಳ್ಳಿ ಬಾಗಿಲ ಉದ್ದಕ್ಕೂ ಗೀರಿದ ಸದ್ದಿಗೆ ಹೆಂಡತಿ ಕಣ್ಣು ಮುಚ್ಚಿಕೊಂಡಳು. ಟ್ರ್ಯಾಕ್ಟರಿನವರು ಪಕ್ಕ ಬಂದಾಗ ನಿಲ್ಲಿಸಿ, "ಪಾರ್ಕಿಂಗ್ ಇನ್ನರ್ಧ ಗಂಟೆಯಲ್ಲಿ ತುಂಬುತ್ತೆ, ಬೇಗ ಹೋಗಿ" ಅಂದರು. ನಿಜವೇ ಆಯಿತು. ಅದು ಹಳೆಯ ಕಟ್ಟಡ, ಕರಾವಳಿಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್‌ನ ಸಣ್ಣ ಪಾರ್ಕಿಂಗ್. ನಮಗೆ ಮೂಲೆಯಲ್ಲಿ ಒಂದು ಜಾಗ ಸಿಕ್ಕಿತು, ನಮ್ಮ ಹಿಂದೆ ಬಂದವರು ಗುಡ್ಡದ ಮೇಲೆ ನಿಲ್ಲಿಸಿ ನಡೆದು ಬಂದರು.

ಈ ಬೀಚಿಗೆ ಹೋಗುವ ಮುಂಚೆ ಉಬ್ಬರ ಇಳಿತದ ಸಮಯ ನೋಡಿಕೊಳ್ಳಲೇಬೇಕು. ಉಬ್ಬರದಲ್ಲಿ ಇಲ್ಲಿ ಬೀಚೇ ಇರುವುದಿಲ್ಲ. ನೀರು ಬಂಡೆ ಮತ್ತು ಉರುಟು ಕಲ್ಲುಗಳವರೆಗೆ ಬಂದುಬಿಡುತ್ತದೆ. ಇಳಿತದಲ್ಲಿ ಅದೇ ಜಾಗದಲ್ಲಿ ಮೈಲುಗಟ್ಟಲೆ ಮರಳು ತೆರೆದುಕೊಳ್ಳುತ್ತದೆ. ಹುಣ್ಣಿಮೆ ಆಸುಪಾಸು ಇಲ್ಲಿ ಇಳಿತ ಮಧ್ಯಾಹ್ನದ ಹೊತ್ತಿಗೆ ಬೀಳುತ್ತದೆ. ನಾವು ಹೋದಾಗ ಹಾಗೇ ಇತ್ತು. ಹನ್ನೊಂದಕ್ಕೆ ಮರಳು ಹೊರಬಂದಿತ್ತು. ಮಳೆ ನಿಂತಿತ್ತು. ಗಾಳಿ ನೆಲದಿಂದ ಸಮುದ್ರದ ಕಡೆಗೆ ಬೀಸುತ್ತಿತ್ತು. ಹಾಗಿದ್ದರೆ ಅಲೆಗಳು ಸಾಲಾಗಿ, ನೀಟಾಗಿ ಬರುತ್ತವೆ.

ಆಫೀಸಿನವರ ಚಿಕ್ಕಮ್ಮನ ಗುಂಪನ್ನು ಹುಡುಕುವ ಕೆಲಸವೇ ಬೀಳಲಿಲ್ಲ. ಸೊಂಟದ ಆಳದ ನೀರಿನಲ್ಲಿ ಒಂದಷ್ಟು ಜನ ಸಾಲಾಗಿ ನಿಂತಿದ್ದರು. ಬಿಳಿ ಕೂದಲಿನವರು, ಹೂವಿನ ಚಿತ್ತಾರದ ಈಜು ಟೋಪಿಯವರು, ಇಬ್ಬರು ಶಾಲೆ ಮಕ್ಕಳು, ತೋಳು ತುಂಬ ಹಚ್ಚೆ ಹಾಕಿಸಿಕೊಂಡ ಒಬ್ಬ ತರುಣ. ಎಲ್ಲರ ಕಂಕುಳಲ್ಲೂ ಮರದ ಹಲಗೆ. ಹಳ್ಳಿಯ ಬಸ್ ಸ್ಟಾಪಿನಲ್ಲಿ ನಿಂತವರ ಹಾಗೆ ಮಾತಾಡುತ್ತಾ ಕಾಯುತ್ತಿದ್ದರು.

ಚಿಕ್ಕಮ್ಮನಿಗೆ ಎಪ್ಪತ್ತು ದಾಟಿದೆ. ವೆಟ್‌ಸೂಟ್ ಇಲ್ಲ, ಹತ್ತಿಯ ಈಜುಡುಗೆ ಅಷ್ಟೇ. ಅವರ ಹಲಗೆ ಅವರ ತಂದೆಯದು. ಹಲಗೆ ತಲೆಯ ಹತ್ತಿರ ತಂದೆಯ ಹೆಸರಿನ ಮೊದಲ ಅಕ್ಷರಗಳು ಹಸಿರು ಬಣ್ಣದಲ್ಲಿ ಇದ್ದವು, ಅರ್ಧ ಮಾಸಿದ್ದವು. ನಾಲ್ಕು ಅಡಿ ಉದ್ದ, ಒಂದಡಿ ಅಗಲದ ಪ್ಲೈವುಡ್. ಬೆರಳಿಗಿಂತ ತೆಳುವು. ಮುಂದಿನ ತುದಿ ಸ್ವಲ್ಪ ಮೇಲಕ್ಕೆ ಬಾಗಿದೆ. ಅದು ನೀರಿಗೆ ಚುಚ್ಚಿಕೊಳ್ಳದಿರಲಿ ಅಂತ.

ಅವರು ಕಲಿಸಿದ್ದು ಹೀಗೆ. ದಡದ ಕಡೆ ಮುಖ ಮಾಡಿ, ಕತ್ತು ತಿರುಗಿಸಿ ಅಲೆ ನೋಡುತ್ತಿರಬೇಕು. ಹಲಗೆಯ ಹಿಂದಿನ ಅಂಚು ಹೊಟ್ಟೆಯ ಕೆಳಗೆ, ಸೊಂಟದ ಹತ್ತಿರ. ಎರಡು ಕೈ ಮುಂದಿನ ತುದಿಯಲ್ಲಿ. ಒಡೆದ ಅಲೆಯ ಬಿಳಿ ನೊರೆ ಇನ್ನೇನು ಬೆನ್ನಿಗೆ ತಾಗಬೇಕು ಅನ್ನುವಾಗ ಕಾಲಿನಿಂದ ಮರಳನ್ನು ಒದ್ದು ಮುಂದಕ್ಕೆ ಹಾರಬೇಕು. ಆಮೇಲೆ ತೋಳು ನೇರ, ಕಾಲು ನೇರ. ಒಂದು ಮೊಣಕೈ ಒತ್ತಿದರೆ ಆ ಕಡೆ ತಿರುಗುತ್ತದೆ. ಒಳಕ್ಕೆ ನಡೆದು ಹೋಗುವಾಗ ಹಲಗೆಯನ್ನು ಹೊಟ್ಟೆಗೂ ಅಲೆಗೂ ನಡುವೆ ಅಡ್ಡ ಹಿಡಿಯಬಾರದು, ಪಕ್ಕಕ್ಕೆ ಹಿಡಿಯಬೇಕು. ಇಲ್ಲದಿದ್ದರೆ ಅಲೆ ಅದನ್ನೇ ತಂದು ಪಕ್ಕೆಲುಬಿಗೆ ಹೊಡೆಯುತ್ತದೆ.

ಅಲೆ ಎತ್ತಿಕೊಂಡ ಕ್ಷಣ ಮೈಯೆಲ್ಲಾ ಜುಮ್ಮೆಂದಿತು. ಕಣ್ಣು ನೀರಿನಿಂದ ಒಂದು ಗೇಣು ಮೇಲಿರುತ್ತದೆ, ಅಷ್ಟೇ. ನೊರೆ ಮುಖಕ್ಕೆ ಹೊಡೆಯುತ್ತದೆ. ಅಷ್ಟು ಕೆಳಗಿಂದ ನೋಡಿದರೆ ವೇಗ ದುಪ್ಪಟ್ಟಾಗಿ ಕಾಣುತ್ತದೆ. ಎಡಕ್ಕೆ ನೋಡಿದೆ, ಚಿಕ್ಕಮ್ಮ. ಬಲಕ್ಕೆ ನೋಡಿದೆ, ಶಾಲೆ ಹುಡುಗ, ಅವನಾಚೆ ಹಚ್ಚೆಯ ತರುಣ, ಅವನಾಚೆ ನನ್ನ ಹೆಂಡತಿ. ಎಲ್ಲರೂ ಒಂದೇ ಅಲೆಯ ಮೇಲೆ. ಎಲ್ಲರೂ ಕಿರುಚುತ್ತಿದ್ದರು.

ಇದನ್ನು ನೋಡಲೆಂದೇ ಅಷ್ಟು ದೂರ ಹೋಗಿದ್ದು ಅನ್ನಿಸಿತು. ನಿಂತು ಸವಾರಿ ಮಾಡುವ ಸರ್ಫಿಂಗಿನಲ್ಲಿ ಒಂದು ಅಲೆಗೆ ಒಬ್ಬರು. ಯಾರು ಮೊದಲು ಅನ್ನುವುದಕ್ಕೆ ನಿಯಮ ಇದೆ. ಅದು ತಪ್ಪಲ್ಲ, ಉದ್ದ ಹಲಗೆಗಳು ಒಂದಕ್ಕೊಂದು ಬಡಿದರೆ ಅಪಾಯ. ಆದರೆ ಅದರಿಂದ ನೀರಿನಲ್ಲಿ ಪೈಪೋಟಿ ಹುಟ್ಟುತ್ತದೆ. ಮುಲ್ಕಿ, ಸಸಿಹಿತ್ಲು ಕಡೆ ಸರ್ಫಿಂಗ್ ಕಲಿಯುವವರನ್ನು ನೋಡಿದ್ದೇನೆ, ಅಲ್ಲೂ ಪ್ರತಿಯೊಬ್ಬರೂ ತಮ್ಮ ಸರದಿಗೆ ಒಬ್ಬೊಬ್ಬರೇ ಕಾಯುತ್ತಾರೆ. ಇಲ್ಲಿ ಆ ಲೆಕ್ಕವೇ ಇಲ್ಲ. ಅಲೆ ಎಷ್ಟು ಅಗಲವೋ ಅಷ್ಟು ಜನ. ದಡ ಮುಟ್ಟಿದ ಮೇಲೆ ಎಲ್ಲರೂ ಒಟ್ಟಿಗೆ ಎದ್ದು, ಒಟ್ಟಿಗೆ ನಗುತ್ತಾ, ಒಟ್ಟಿಗೆ ಒಳಗೆ ನಡೆಯುತ್ತಾರೆ. ಮಾತು ಹುಟ್ಟುವುದೇ ಆ ನಡಿಗೆಯಲ್ಲಿ.

ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಇರಬೇಕು. ಅದು ಈಜುವವರಿಗೆ, ಮಲಗಿ ಅಲೆ ಏರುವವರಿಗೆ. ಕಪ್ಪು-ಬಿಳಿ ಚೌಕದ ಬಾವುಟದ ಜಾಗ ಉದ್ದ ಹಲಗೆಯವರದು. ಆರ್‌ಎನ್‌ಎಲ್‌ಐ ಅನ್ನುವ ದತ್ತಿ ಸಂಸ್ಥೆಯ ಜೀವರಕ್ಷಕರು ಇಳಿತದ ಜೊತೆಜೊತೆಗೆ ಬಾವುಟಗಳನ್ನು ಸರಿಸುತ್ತಾ ಇರುತ್ತಾರೆ. ಬಾವುಟದಾಚೆ ನೀರು ಶಾಂತವಾಗಿ ಕಂಡ ಒಂದು ಪಟ್ಟಿಯನ್ನು ಚಿಕ್ಕಮ್ಮ ತೋರಿಸಿದರು. "ಅಲ್ಲಿ ಅಲೆ ಒಡೀತಿಲ್ಲ ನೋಡು. ಅದೇ ಒಳಕ್ಕೆ ಎಳೆಯೋ ಸೆಳೆತ" ಅಂದರು.

ತುಟಿ ನೀಲಿಯಾದ ಮೇಲೆ ಹೊರಗೆ ಬಂದೆವು. ಬೀಚಿನ ಕೆಫೆಯಲ್ಲಿ ಹೆಜ್‌ಹಾಗ್ ಅನ್ನುವ ಐಸ್‌ಕ್ರೀಮ್ ಸಿಗುತ್ತದೆ. ವೆನಿಲ್ಲಾ ಐಸ್‌ಕ್ರೀಮಿಗೆ ದಪ್ಪ ಕೆನೆ ಮೆತ್ತಿ, ಜೇನಿನಲ್ಲಿ ಹುರಿದ ಹೇಜಲ್‌ನಟ್ ಚೂರುಗಳಲ್ಲಿ ಹೊರಳಿಸುತ್ತಾರೆ. ಚಳಿಯಲ್ಲಿ ನಡುಗುತ್ತಾ ಐಸ್‌ಕ್ರೀಮ್ ತಿನ್ನುವುದು ಇಲ್ಲಿನ ಪದ್ಧತಿ. ತಿಂದೆವು. ತುಂಬಾ ಚೆನ್ನಾಗಿತ್ತು.

ಅಲ್ಲೇ ಬೆಂಚಿನ ಮೇಲೆ ಕೂತು ಹಳೆಯ ಕಥೆಗಳು ಬಂದವು. ಲಂಡನ್ನಿನ ಹಿರಿಯರೊಬ್ಬರು ತಮ್ಮ ಮರದ ಹಲಗೆ ಹಿಡಿದು ವರ್ಷ ವರ್ಷವೂ ಈ ಬೀಚಿಗೆ ಬರುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ, ಅವರ ನೆನಪಿಗೆ ಅಂತ 2003ರಲ್ಲಿ ಇಲ್ಲಿನ ಪಾರ್ಕಿಂಗ್ ನೋಡಿಕೊಳ್ಳುವವರು ಮತ್ತು ಜೀವರಕ್ಷಕರು ಸೇರಿ ಒಂದು ಸಣ್ಣ ಸ್ಪರ್ಧೆ ಮಾಡಿದರು. ಅದೇ ಮುಂದೆ ವಿಶ್ವ ಬೆಲ್ಲಿ ಬೋರ್ಡ್ ಚಾಂಪಿಯನ್‌ಶಿಪ್ ಆಗಿ ಬೆಳೆಯಿತು. ಮರದ ಹಲಗೆಯೇ ಇರಬೇಕಿತ್ತು. ವೆಟ್‌ಸೂಟ್ ಇಲ್ಲ, ಕಾಲಿಗೆ ಹಗ್ಗ ಇಲ್ಲ, ಈಜು ರೆಕ್ಕೆ ಇಲ್ಲ. ಕೇಕ್ ಮಾಡುವ ಸ್ಪರ್ಧೆಯೂ ಜೊತೆಗಿತ್ತು. ಈ ಗುಂಪಿನ ಅರ್ಧ ಜನ ಒಬ್ಬರಿಗೊಬ್ಬರು ಪರಿಚಯವಾಗಿದ್ದೇ ಅಲ್ಲಿ. ಯಾವ ವರ್ಷ ಯಾರು ಗೆದ್ದರು ಅಂತ ಕೇಳಿದೆ. ಯಾರಿಗೂ ಸರಿಯಾಗಿ ನೆನಪಿರಲಿಲ್ಲ. ಯಾರ ನಿಂಬೆ ಕೇಕ್ ಚೆನ್ನಾಗಿತ್ತು ಅನ್ನುವುದರ ಬಗ್ಗೆ ಮಾತ್ರ ದೊಡ್ಡ ವಾದವೇ ನಡೆಯಿತು.

ಭಾನುವಾರ

ಬೆಳಗ್ಗೆ ಉಬ್ಬರ. ಇಳಿತಕ್ಕೆ ಕಾಯುತ್ತಾ ಸಮುದ್ರದ ಅಂಚಿನ ಕಾಲುದಾರಿಯಲ್ಲಿ ವೀಲ್ ಕೋಟ್ಸ್‌ವರೆಗೆ ನಡೆದೆವು. ಬಂಡೆಯ ಮಗ್ಗುಲಿಗೆ ಅಂಟಿಕೊಂಡ ಹಾಗಿರುವ ಕಲ್ಲಿನ ಕಟ್ಟಡ, ಪಕ್ಕದಲ್ಲಿ ಹೊಗೆಗೂಡು. ಒಂದು ಕಾಲದ ತವರದ ಗಣಿ. ಗಣಿಯೊಳಗಿನ ನೀರೆತ್ತುವ ಯಂತ್ರಕ್ಕಾಗಿ 1872ರಲ್ಲಿ ಕಟ್ಟಿದ ಮನೆ. ಸುತ್ತ ನೇರಳೆ ಹೆದರ್ ಹೂವು, ಹಳದಿ ಗಾರ್ಸ್ ಹೂವು. ಕೆಳಗೆ ಅಟ್ಲಾಂಟಿಕ್.

ನನಗೆ ಅಲ್ಲಿಂದ ಕಾಲು ಕೀಳಲಾಗಲಿಲ್ಲ. ನಾನು ಬಂಗಾರಪೇಟೆಯವನು. ತಾತ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು. 1880ರಿಂದ ಅಲ್ಲಿನ ಗಣಿಗಳನ್ನು ನಡೆಸಿದ್ದು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್. ಆಗ ಕಾರ್ನ್‌ವಾಲ್‌ನಲ್ಲಿ ತಾಮ್ರ, ತವರದ ಬೆಲೆ ಬಿದ್ದು ಗಣಿಗಳು ಮುಚ್ಚುತ್ತಿದ್ದವು. ಕೆಲಸ ಕಳೆದುಕೊಂಡವರು ಜಗತ್ತಿನ ಎಲ್ಲೆಲ್ಲಿಗೋ ಹೋದರು. ಅವರಲ್ಲಿ ಒಂದಷ್ಟು ಜನ ಕೋಲಾರಕ್ಕೂ ಬಂದರು. ತಾತ ಹೇಳುತ್ತಿದ್ದ ದೊರೆಗಳು ಈ ಗುಡ್ಡಗಳಿಂದಲೇ ಹೊರಟವರು. ಕೆಜಿಎಫ್ 2001ರಲ್ಲಿ ಮುಚ್ಚಿತು. ಇಲ್ಲಿನ ಗಣಿ ಪ್ರದೇಶ 2006ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ನಮ್ಮ ಗಣಿಯ ಕಟ್ಟಡಗಳಿಗೂ ಇಷ್ಟು ಅಕ್ಕರೆ ಸಿಗಬೇಕು ಅಲ್ವಾ?

ಮಧ್ಯಾಹ್ನ ಗುಂಪಿನವರು ಪೆರನ್‌ಪೋರ್ತ್‌ಗೆ ಕರೆದಿದ್ದರು. ಉದ್ದನೆಯ, ಚಪ್ಪಟೆ ಬೀಚು. ಹೊಸಬರಿಗೆ ಚ್ಯಾಪೆಲ್ ಪೋರ್ತ್‌ಗಿಂತ ಇದೇ ವಾಸಿ. ಗಣಿಯ ವಿಷಯ ಹೇಳಿದ ತಕ್ಷಣ ಒಬ್ಬ ಅಜ್ಜ ನನ್ನ ಕೈ ಹಿಡಿದುಕೊಂಡರು. ನಿವೃತ್ತ ಬಡಗಿ. ಅವರ ಅಜ್ಜನ ಅಣ್ಣ ಕೋಲಾರಕ್ಕೆ ಹೋಗಿದ್ದರಂತೆ. ಅವರ ಮನೆಯಲ್ಲಿ ಈಗಲೂ ಒಂದು ಫೋಟೋ ಇದೆ, ಕೆಳಗೆ ಊರಿನ ಹೆಸರು ಬರೆದಿದೆ. ಕೋಲಾರ ಅನ್ನುವುದನ್ನು ಅವರು ಹೇಗೋ ಹೇಗೋ ಹೇಳಿದರು, ನನಗೆ ಅರ್ಥವಾಯಿತು. ಅಲೆಗೆ ಕಾಯುತ್ತಾ, ಸೊಂಟದ ನೀರಿನಲ್ಲಿ ನಿಂತು, ನಾವಿಬ್ಬರೂ ಕೆಜಿಎಫ್ ಬಗ್ಗೆ ಮಾತಾಡಿದೆವು. ಎಷ್ಟೋ ಒಳ್ಳೆ ಅಲೆಗಳನ್ನು ಬಿಟ್ಟೆವು.

ಇಂಗ್ಲೆಂಡಿಗೆ ಈ ಆಟ ಹೇಗೆ ಬಂತು ಅಂತ ಕೇಳಿದ್ದಕ್ಕೂ ಅವರೇ ಹೇಳಿದರು. ಮೊದಲನೇ ಮಹಾಯುದ್ಧದ ನಂತರ ಬೇರೂರುತ್ತಾ ಬಂತು. ದಕ್ಷಿಣ ಆಫ್ರಿಕಾದಲ್ಲಿ ಆಗಲೇ ಜನ ಹೀಗೆ ಅಲೆ ಏರುತ್ತಿದ್ದರು. ಕಾದಂಬರಿಕಾರ್ತಿ ಅಗಾಥಾ ಕ್ರಿಸ್ಟಿ 1922ರಲ್ಲಿ ಅಲ್ಲಿಗೆ ಹೋಗಿದ್ದಾಗ ಹಲಗೆ ಮೇಲೆ ಮಲಗಿ ಅಲೆ ಏರಿದ್ದರು, ಆಮೇಲೆ ಹೊನೊಲುಲುವಿನಲ್ಲಿ ನಿಂತು ಏರುವುದನ್ನೂ ಕಲಿತರು. ಪೆರನ್‌ಪೋರ್ತ್‌ನಲ್ಲಿ ಮೊದಲು ಹಲಗೆ ಮಾಡಿಕೊಟ್ಟಿದ್ದು ಊರಿನ ಶವಪೆಟ್ಟಿಗೆ ಮಾಡುವ ಬಡಗಿ ಅಂತ ಇಲ್ಲಿನವರು ಹೇಳುತ್ತಾರೆ. ಅಜ್ಜ ಅದನ್ನು ಹೆಮ್ಮೆಯಿಂದ ಹೇಳಿದರು, ತಾನೂ ಬಡಗಿ ಅಂತ.

ಗುಂಪಿನಲ್ಲಿ ಒಬ್ಬಾಕೆ ಹವಾಯಿಯಲ್ಲಿ ಕೆಲವು ವರ್ಷ ಕೆಲಸ ಮಾಡಿ ಬಂದವರು. ಅವರ ಹಲಗೆ ಬೇರೆ ಥರ. ಇನ್ನೂ ಗಿಡ್ಡ, ಇನ್ನೂ ಅಗಲ, ಮುಂದೆ ದುಂಡಗೆ. ಅದೇ ಪೈಪೋ. ಅವರು ಕಾಲಿಗೆ ರೆಕ್ಕೆ ಹಾಕಿಕೊಂಡು, ಒಡೆಯದ ಹಸಿರು ಅಲೆಯನ್ನೇ ಹಿಡಿಯುತ್ತಾರೆ, ಅಡ್ಡಕ್ಕೆ ಸಾಗುತ್ತಾರೆ. ವೈಕೀಕಿಯಲ್ಲಿ ವಾಲ್ ಅಂತ ಕರೆಯುವ ಕಡಲ ಗೋಡೆಯ ಪಕ್ಕ ಹುಡುಗರು ಇದನ್ನು ಆಡುತ್ತಲೇ ದೊಡ್ಡವರಾಗುತ್ತಿದ್ದರಂತೆ. ಹವಾಯಿಯ ಮಕ್ಕಳು ಅಲೆ ಏರಲು ಕಲಿಯುತ್ತಿದ್ದುದೇ ಗಿಡ್ಡ ಹಲಗೆಯಲ್ಲಿ. 1971ರಲ್ಲಿ ಟಾಮ್ ಮೋರಿ ಅನ್ನುವವರು ಹವಾಯಿಯಲ್ಲೇ ಫೋಮ್ ತುಂಡು ಕತ್ತರಿಸಿ ಬೂಗಿ ಬೋರ್ಡ್ ಮಾಡಿದರು. ಅದು ಜಗತ್ತಿಗೆಲ್ಲಾ ಹರಡಿತು, ಮರದ ಪೈಪೋ ಹಿಂದೆ ಸರಿಯಿತು. "ಈಗ ಪೈಪೋ ಹಿಡಿದವರು ಎಲ್ಲೇ ಸಿಕ್ಕರೂ ಮೊದಲು ಹಲಗೆ ನೋಡ್ತೀವಿ, ಆಮೇಲೆ ಮುಖ ನೋಡ್ತೀವಿ" ಅಂದರು ಆಕೆ. ಆಸ್ಟ್ರೇಲಿಯಾ, ಕ್ಯಾಲಿಫೋರ್ನಿಯಾದಿಂದೆಲ್ಲಾ ಅವರಿಗೆ ಅಳತೆ ಕಳಿಸುವ, ಕೇಳುವ ಗೆಳೆಯರಿದ್ದಾರೆ. ತಮ್ಮ ಪೈಪೋವನ್ನು ಬಾಮೈದನ ಕೈಗೆ ಕೊಟ್ಟು, "ಹೋಗು, ಅದಕ್ಕೆ ಏನಾದ್ರೂ ಆದ್ರೆ ಇನ್ನೊಂದು ಮಾಡ್ಕೋತೀನಿ" ಅಂದುಬಿಟ್ಟರು.

ಬಾಮೈದ ಆ ಹಲಗೆಯಲ್ಲಿ ಒಂದು ಅಲೆ ಹಿಡಿದು ದಡಕ್ಕೆ ಬಂದ. ಎದ್ದು ನಿಂತವನೇ ಕೂಗಿಕೊಂಡ. ಪಾದದಲ್ಲಿ ಸುಟ್ಟ ಹಾಗೆ ಉರಿ. ವೀವರ್ ಮೀನು. ಮರಳಿನಲ್ಲಿ ಹೂತುಕೊಂಡಿರುತ್ತದೆ, ಬೆನ್ನಿನ ಮುಳ್ಳಿನಲ್ಲಿ ವಿಷ. ಇಳಿತದಲ್ಲಿ ಆಳವಿಲ್ಲದ ನೀರಿನಲ್ಲಿ ಜಾಸ್ತಿ ಸಿಗುತ್ತದೆ. ನಾವು ಗಾಬರಿಯಾದೆವು. ಅಲ್ಲಿನವರಿಗೆ ಇದು ಮಾಮೂಲಿ. ಇಬ್ಬರು ಅವನನ್ನು ಹೆಗಲು ಕೊಟ್ಟು ಜೀವರಕ್ಷಕರ ಹತ್ತಿರ ಕರೆದೊಯ್ದರು. ಬಕೆಟ್ಟಿನಲ್ಲಿ ಬಿಸಿನೀರು, ಕಾಲು ತಡೆದುಕೊಳ್ಳುವಷ್ಟು ಬಿಸಿ. ಅದರಲ್ಲಿ ಪಾದ ಇಟ್ಟುಕೊಂಡು ಕೂರಿಸಿದರು. ನೀರು ಆರಿದ ಹಾಗೆ ಬಿಸಿನೀರು ಸೇರಿಸುತ್ತಲೇ ಇದ್ದರು. ಗುಂಪಿನವರು ಒಬ್ಬೊಬ್ಬರಾಗಿ ಬಂದು ತಮಗೆ ವೀವರ್ ಚುಚ್ಚಿದ ಕಥೆ ಹೇಳಿ ಹೋದರು. ಯಾರೋ ಚಹಾ ತಂದರು, ಯಾರೋ ಬಿಸ್ಕತ್ತು. ಅರ್ಧ ಗಂಟೆಯಲ್ಲಿ ಉರಿ ಇಳಿಯಿತು. ಶಾಲೆ ಹುಡುಗ ತನ್ನ ತಂದೆಯ ರಬ್ಬರ್ ಬೂಟುಗಳನ್ನು ತಂದು ಬಾಮೈದನ ಮುಂದಿಟ್ಟ. ಇಲ್ಲಿ ನೀರಿಗಿಳಿಯುವವರು ವೆಟ್‌ಸೂಟಿನ ಜೊತೆ ಆ ಬೂಟನ್ನೂ ಬಾಡಿಗೆಗೆ ತೆಗೆದುಕೊಳ್ಳುವುದು ಒಳ್ಳೆಯದು.

ಸೋಮವಾರ

ರಾತ್ರಿಯಿಡೀ ಜೋರು ಮಳೆ. ಗಾಳಿ ತಿರುಗಿ ಸಮುದ್ರದ ಕಡೆಯಿಂದ ಬೀಸುತ್ತಿತ್ತು. ನೀರೆಲ್ಲಾ ಕಲಕಿ ಬೂದಿ ಬಣ್ಣ. ಚಿಕ್ಕಮ್ಮ ಬೆಳಗ್ಗೆಯೇ ಫೋನ್ ಮಾಡಿದರು. ಇವತ್ತು ನೀರಿಗೆ ಇಳಿಯೋದು ಬೇಡ, ಕೊಳಚೆ ನೀರಿನ ಎಚ್ಚರಿಕೆ ಬಂದಿದೆ ಅಂದರು. ಜೋರು ಮಳೆಯಾದರೆ ಚರಂಡಿ ತುಂಬಿ ಸಮುದ್ರಕ್ಕೆ ಹರಿಯುತ್ತದೆ. ಇದನ್ನು ಫೋನಿನಲ್ಲಿ ತಿಳಿಸುವ ಆ್ಯಪ್ ಇದೆ. ಮಾಡಿದ್ದು ಸರ್ಫರ್ಸ್ ಅಗೇನ್ಸ್ಟ್ ಸ್ಯೂವೇಜ್ ಸಂಸ್ಥೆ. 1990ರಲ್ಲಿ ಇದೇ ಸೇಂಟ್ ಆಗ್ನೆಸ್‌ನಲ್ಲಿ, ಕೊಳಚೆಯಲ್ಲಿ ಈಜಿ ಈಜಿ ಬೇಸತ್ತ ಅಲೆ ಸವಾರರು ಕಟ್ಟಿದ್ದು. ಈಗ ದೇಶಕ್ಕೆಲ್ಲಾ ಗೊತ್ತು. ಆ್ಯಪ್ ಹಾಕಿಕೊಂಡೇ ಹೋಗಿ.

ಹಾಗಾಗಿ ಎಲ್ಲರೂ ಸೇರಿದ್ದು ಬಡಗಿ ಅಜ್ಜನ ಗ್ಯಾರೇಜಿನಲ್ಲಿ. ಗೋಡೆ ತುಂಬ ಹಲಗೆಗಳು. ಒಂದು ಮೂಲೆಯಲ್ಲಿ ಮುರಿದ ಥರ್ಮೋಕೋಲ್ ಬೋರ್ಡುಗಳ ರಾಶಿ. ಬೇಸಿಗೆಯಲ್ಲಿ ಪ್ರವಾಸಿಗರು ಅಗ್ಗಕ್ಕೆ ಕೊಂಡು, ಮುರಿದಾಗ ಬೀಚಿನಲ್ಲೇ ಬಿಟ್ಟು ಹೋಗಿದ್ದು. ಇವರು ಆಯ್ದು ತರುತ್ತಾರೆ. ಅದರ ಬಿಳಿ ಕಾಳು ಸಮುದ್ರ ಸೇರಿದರೆ ಮತ್ತೆ ಹೆಕ್ಕಲಾಗುವುದಿಲ್ಲ. ಮಕ್ಕಳಿಗೆ ಸುಮ್ನೆ ಮರದ ಹಲಗೆ ಎರವಲು ಕೊಡುವುದೂ ಅದಕ್ಕೇ. ಅಜ್ಜನ ಹಲಗೆಗಳಲ್ಲಿ ಹತ್ತಾರು ವರ್ಷ ಹಳೆಯವೂ ಇವೆ, ಇನ್ನೂ ನೀರಿಗೆ ಹೋಗುತ್ತವೆ.

ಚಿಕ್ಕಮ್ಮ ಸ್ಕೋನ್ ಅನ್ನುವ ಸಣ್ಣ ಬನ್ನುಗಳನ್ನು ತಂದಿದ್ದರು. ಕಾರ್ನ್‌ವಾಲ್‌ನಲ್ಲಿ ಮೊದಲು ಜಾಮ್, ಅದರ ಮೇಲೆ ಕೆನೆ. ಪಕ್ಕದ ಡೆವನ್‌ನವರು ಉಲ್ಟಾ ಮಾಡುತ್ತಾರೆ. ಹೆಂಡತಿ ಕೋಡುಬಳೆ ಡಬ್ಬಿ ತೆಗೆದಳು. ಹತ್ತು ನಿಮಿಷದಲ್ಲಿ ಖಾಲಿ.

ನಮ್ಮ ಕರಾವಳಿಯ ಬಗ್ಗೆ ಕೇಳಿದರು. ಸಸಿಹಿತ್ಲು ಬಗ್ಗೆ ಹೇಳಿದೆ, ಅಲ್ಲಿ ಸರ್ಫಿಂಗ್ ಸ್ಪರ್ಧೆ ನಡೆಯುತ್ತದೆ ಅಂದೆ. ನೀರು 28 ಡಿಗ್ರಿ ಅಂದಾಗ ಎಲ್ಲರೂ ಸುಮ್ಮನಾಗಿಬಿಟ್ಟರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ, ಸಮುದ್ರ ಒರಟು, ಆಗ ಬೇಡ. ಅದು ಮುಗಿದ ಮೇಲೆ ಅಲೆ ಹದಕ್ಕೆ ಬರುತ್ತದೆ ಅಂತ ಹೇಳಿದೆ. ಹವಾಯಿಯಾಕೆ ಗಂಡನ ಕಡೆ ನೋಡಿ ತಿಂಗಳು ಲೆಕ್ಕ ಹಾಕತೊಡಗಿದರು. ಅಲ್ಲಿ ಮಲಗಿ ಅಲೆ ಏರುವವರು ಇದ್ದಾರಾ ಅಂತ ಅಜ್ಜ ಕೇಳಿದರು. ಮರದ ಹಲಗೆಯಲ್ಲಿ ಏರುವವರನ್ನು ನಾನು ನೋಡಿಲ್ಲ ಅಂದೆ. "ಪ್ಲೈವುಡ್ ಸಿಗುತ್ತಾ?" ಅಂದರು. ಮರೈನ್ ಪ್ಲೈ ನಮ್ಮೂರಿನ ಮರದಂಗಡಿಯಲ್ಲೇ ಸಿಗುತ್ತದೆ ಅಂದೆ.

ಅವರು ಎದ್ದು, ಹಳೆಯ ಸುದ್ದಿಪತ್ರಿಕೆ ನೆಲದ ಮೇಲೆ ಹಾಸಿ, ಚಿಕ್ಕಮ್ಮನ ತಂದೆಯ ಹಲಗೆಯನ್ನು ಅದರ ಮೇಲಿಟ್ಟರು. ಚಿಕ್ಕಮ್ಮ ಒಂದು ತುದಿ ಹಿಡಿದರು, ನಾನೊಂದು ತುದಿ. ಅಜ್ಜ ಪೆನ್ಸಿಲ್ಲಿನಲ್ಲಿ ಸುತ್ತ ಗೆರೆ ಎಳೆದರು. ತುದಿ ಬಗ್ಗಿಸಲು ಎಷ್ಟು ಹೊತ್ತು ಬಿಸಿನೀರಲ್ಲಿ ನೆನೆಸಬೇಕು, ಎಲ್ಲಿ ಒತ್ತು ಕೊಟ್ಟು ಬಿಗಿಯಬೇಕು, ಆರಿದ ಮೇಲೆ ಎಷ್ಟು ಸಲ ವಾರ್ನಿಷ್ ಬಳಿಯಬೇಕು ಅಂತ ಪಕ್ಕದಲ್ಲೇ ಬರೆದರು. ಅಂಚು ಚೂಪಾಗಿರಬಾರದು, ಮಕ್ಕಳ ಕೈಗೆ ಹೋಗುವ ಸಾಮಾನು ಅಂತ ಅದರ ಕೆಳಗೆ ಎರಡು ಗೆರೆ ಎಳೆದರು.

ವಾಪಸ್ ಬಂದ ಮೇಲೆ ಬಂಗಾರಪೇಟೆಯ ಬಡಗಿಗೆ ಆ ಕಾಗದದ ಫೋಟೋ ಕಳಿಸಿದೆ. ಮೊದಲು ಅವರು ಇಸ್ತ್ರಿ ಮೇಜಿನ ಹಲಗೆಯಾ ಅಂತ ಕೇಳಿದರು. ವಿವರಿಸಿದೆ. ಡಿಸೆಂಬರ್‌ನಲ್ಲಿ ಊರಿಗೆ ಬಾ, ಪಕ್ಕದಲ್ಲೇ ನಿಂತು ಹೇಳು, ನಾಲ್ಕು ಮಾಡಿಕೊಡ್ತೀನಿ ಅಂದಿದ್ದಾರೆ. ಒಂದು ಸಾಕು ಅಂದೆ. "ನೀನೇ ಹೇಳ್ದಲ್ಲಪ್ಪ, ಒಬ್ಬರೇ ಆಡೋ ಆಟ ಅಲ್ಲ ಅಂತ" ಅಂದರು.